ಪಡುವಣದಲ್ಲಿ ವಿಶೇಷ ಎಂತದೂ ಇಲ್ಲೆ

150 ಜನರಿಗೆ ಅಡುಗೆ ಆಗಿದೆ. ಉಣ್ಣಲಿಕ್ಕೆ ಬಂದವರು 80 ಮಂದಿ. ಅಡುಗೆಯವ ಸೌಟು ಹಿಡಿದು ನಿಂತಿದ್ದಾನೆ, ಬಡಿಸಲಿಕ್ಕೆ ತಯಾರಿಲ್ಲ. ಎಲ್ಲರೂ ಬರಲಿ, ಆಮೇಲೆ ನೋಡುವ ಎಂಬುದು ಅವನ ಹಟ. ಬರಬೇಕಾದವರೆಲ್ಲ ಬಂದಾಗಿದೆ, ಉಳಿದವರಲ್ಲಿ ಕೆಲವರು ಆಸ್ಪತ್ರೆಯಲ್ಲಿ, ಇನ್ನು ಕೆಲವರು ಮಣ್ಣಿನಡಿಯಲ್ಲಿ ಅಂತ ಹುಡುಗರು ಬಿಡಿಸಿ ಹೇಳಬೇಕಾಗುತ್ತದೆ. ಆಗಲೂ ಅವನಿಗೆ ಲೆಕ್ಕದ್ದೇ ಚಿಂತೆ. 150ರ ಅಡುಗೆಯನ್ನು 80 ಜನರಿಗೆ ಬಡಿಸುವುದಾದರೂ ಹೇಗೆ? ಕಡೆಗೆ ಮೇಲಿನ ಅಧಿಕಾರಿ ಬಂದು ಎಲ್ಲವನ್ನೂ ಬಡಿಸಲು ಹೇಳುತ್ತಾನೆ. ಹುಡುಗರು ಹೊಟ್ಟೆ ಬಿರಿಯುವಷ್ಟು ಉಂಡು, ಎರಡೆರಡು ಪಾಲು ರೊಟ್ಟಿ, ಎರಡೆರಡು ಪಾಲು ತಂಬಾಕು ಇಟ್ಟುಕೊಂಡು, ಬಿಸಿಲಿಗೆ ಮೈ ಚಾಚುತ್ತಾರೆ. ಅವರ ಮಟ್ಟಿಗೆ ಅದು ಬಹಳ ಒಳ್ಳೆಯ ದಿನ.

ಎರಿಖ್ ಮರಿಯಾ ರೆಮಾರ್ಕನ ‘ಆಲ್ ಕ್ವಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಕಾದಂಬರಿ ಶುರುವಾಗುವುದು ಹೀಗೆ. ಗುಂಡಿನ ಸದ್ದಿಲ್ಲ, ರಕ್ತ ಇಲ್ಲ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಈ ಪುಟ ಅರ್ಥವಾಗುವ ಹಾಗೆ ಬೇರೆಯವರಿಗೆ ಆಗುತ್ತದೋ ಇಲ್ಲವೋ ಎಂಬ ಅನುಮಾನ ನನಗೆ. ಮದುವೆಯೋ ಉಪನಯನವೋ ಇದ್ದರೆ ಅಡುಗೆ ಭಟ್ರು ಮೊದಲು ಕೇಳುವುದು ‘ಎಷ್ಟು ಎಲೆ?’ ಅಂತ. ಎಲೆ ಲೆಕ್ಕ ತಪ್ಪಿ ಊಟ ಸಾಲದೆ ಬಂದರೆ ಮರ್ಯಾದೆ ಹೋಯ್ತು, ಹೆಚ್ಚು ಮಿಕ್ಕಿದರೆ ಜನ ಬರಲಿಲ್ಲ ಎಂಬ ಬೇಜಾರು. ಇಲ್ಲಿ 70 ಎಲೆ ಮಿಕ್ಕಿದೆ. ಮಿಕ್ಕಿದ್ದಕ್ಕೆ ಉಂಡವರಿಗೆ ಖುಷಿಯಾಗಿದೆ. ಆ ಖುಷಿಯನ್ನು ರೆಮಾರ್ಕ್ ಬೈಯುವುದಿಲ್ಲ, ಅದಕ್ಕಾಗಿ ಕಣ್ಣೀರು ಹಾಕುವುದೂ ಇಲ್ಲ. ಉಂಡರು, ಮಲಗಿದರು ಅಂತ ಹೇಳಿ ಮುಂದೆ ಹೋಗುತ್ತಾನೆ.

ಪುಸ್ತಕದ ಬಗ್ಗೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ರೆಮಾರ್ಕ್ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಓಸ್ನಾಬ್ರುಕ್ ಎಂಬ ಊರಲ್ಲಿ. 18 ವರ್ಷಕ್ಕೆ ಸೇನೆಗೆ ಸೇರಿಸಿಕೊಂಡರು. 1917ರಲ್ಲಿ ಸಿಡಿತಲೆಯ ಚೂರು ತಾಗಿ ಆಸ್ಪತ್ರೆ ಸೇರಿದ. ಕಾದಂಬರಿ 1928ರ ಕೊನೆಗೆ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 1929ರಲ್ಲಿ ಪುಸ್ತಕವಾಯ್ತು. ಅದೇ ವರ್ಷ ಇಂಗ್ಲಿಷಿಗೂ ಹೋಯ್ತು. 1933ರಲ್ಲಿ ನಾಜಿಗಳು ಬೆಂಕಿಗೆ ಹಾಕಿದ ಪುಸ್ತಕಗಳ ಪೈಕಿ ಇದೂ ಒಂದು. ಅವ ದೇಶ ಬಿಟ್ಟು ಹೋಗಿದ್ದರಿಂದ ಕೈಗೆ ಸಿಗಲಿಲ್ಲ. ಜರ್ಮನಿಯಲ್ಲೇ ಉಳಿದಿದ್ದ ತಂಗಿ ಎಲ್‌ಫ್ರೀಡೆ ಸಿಕ್ಕಿದಳು. ಈ ಯುದ್ಧ ಸೋತ ಹಾಗೇ ಎಂದು ಮಾತಾಡಿದ್ದಕ್ಕೆ 1943ರಲ್ಲಿ ಅವಳ ತಲೆ ಕಡಿದರು.

ಇನ್ನು ಹೆಸರು. ‘ಕ್ವಯೆಟ್’ ಎಂಬ ಪದದಿಂದ ಇಂಗ್ಲಿಷ್ ಹೆಸರಿಗೆ ಒಂದು ಶಾಂತ ಸಂಗೀತ ಬಂದುಬಿಟ್ಟಿದೆ. ಜರ್ಮನ್ ಹೆಸರು ಅಷ್ಟು ಚಂದ ಇಲ್ಲ. ‘ಪಶ್ಚಿಮದಲ್ಲಿ ಹೊಸತೇನೂ ಇಲ್ಲ’ ಎಂಬಂಥ ಒಣ ಮಾತು, ವರದಿಯ ಮಾತು. ನಮ್ಮ ಕಡೆ ದಾರಿಯಲ್ಲಿ ಸಿಕ್ಕಿದವರು ‘ಎಂತ ವಿಶೇಷ?’ ಅಂತಾರೆ, ‘ವಿಶೇಷ ಎಂತದೂ ಇಲ್ಲೆ’ ಅಂತ ನಾವು ಹೇಳಿ ಮುಂದೆ ಹೋಗ್ತೇವೆ. ಮನೆಯಲ್ಲಿ ಸಾವಿರ ಇರಬಹುದು, ಬಾಯಲ್ಲಿ ಬರುವುದು ಅಷ್ಟೇ. ರೆಮಾರ್ಕನ ಹೆಸರಿಗೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಹೊಳೆಯಲಿಲ್ಲ.

ಈ ಕಾದಂಬರಿಯನ್ನು ಎಲ್ಲರೂ ‘ಯುದ್ಧವಿರೋಧಿ’ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ಆ ಪದ ನನಗೆ ಸಾಲದು. ಯುದ್ಧ ಭೀಕರ ಅಂತ ಹೇಳಲಿಕ್ಕೆ ಕಾದಂಬರಿ ಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಹೋರಾಡಿದವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಇದು ಕಳಿಸಿದವರ ಬಗ್ಗೆ ಬರೆದ ಪುಸ್ತಕ ಎಂಬುದು ನನ್ನ ಓದು. ಹೋದ ಹುಡುಗರ ಬಾಯಿಂದ, ಕಳಿಸಿದವರ ಬಗ್ಗೆ. ನಮ್ಮ ಕಥೆ, ಕಲ್ಲು, ಆಟಗಳಲ್ಲಿ ಹೋದ ಹುಡುಗನಿಗೆ ಬೇಕಾದಷ್ಟು ಜಾಗ ಇದೆ; ಕಳಿಸಿದವರನ್ನು ನಿಲ್ಲಿಸಿ ಕೇಳುವುದಕ್ಕೆ ಮಾತ್ರ ಇಲ್ಲ.

ಕಲ್ಲಿನಿಂದಲೇ ಶುರು ಮಾಡುವ. ಶಿರಸಿಯಿಂದ 20 ಚಿಲ್ಲರೆ ಕಿಲೋಮೀಟರು ಹೋದರೆ ಬನವಾಸಿ. ಅಲ್ಲಿ, ಸುತ್ತಮುತ್ತಲ ಊರುಗಳಲ್ಲಿ, ಗದ್ದೆ ಬದುವಿನಲ್ಲಿ, ಗುಡಿ ಹಿಂದೆ ವೀರಗಲ್ಲು ಕಾಣದವರು ಯಾರಿದ್ದಾರೆ? ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಹೊಡೆದಾಟ. ದನ ಹೊಡೆದುಕೊಂಡು ಹೋಗುವವರನ್ನು ತಡೆಯುವುದೋ, ಊರಿಗೆ ನುಗ್ಗಿದವರನ್ನು ತಡೆಯುವುದೋ. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗಿನ ಅಂಕಣದ ಗಲಾಟೆಯಿಂದ ಕಣ್ಣು ಮೇಲೆ ಹತ್ತುತ್ತಾ ಹೋದ ಹಾಗೆ ಎಲ್ಲ ಶಾಂತವಾಗುತ್ತದೆ. ಮಗನನ್ನು ಕಳೆದುಕೊಂಡ ಮನೆಯವರಿಗೆ ಆ ಮೇಲಿನ ಎರಡು ಅಂಕಣ ಎಷ್ಟು ಬೇಕಿತ್ತು ಅಂತ ನಾನು ಲಘುವಾಗಿ ಮಾತಾಡಲಾರೆ. ಆದರೆ ಓದುವವನ ಕಣ್ಣಿಗೆ ಅದು ಒಂದು ಅಭ್ಯಾಸ ಕಲಿಸಿಬಿಟ್ಟಿದೆ. ಸಾವು ಕಂಡ ಕೂಡಲೇ ಕಣ್ಣು ಮೇಲಕ್ಕೆ ಹೋಗುತ್ತದೆ.

ರೆಮಾರ್ಕ್ ಕೆತ್ತಿದ್ದು ಕೆಳಗಿನ ಅಂಕಣ ಒಂದನ್ನೇ. ಅದನ್ನೂ ದೊಡ್ಡದು ಮಾಡಿ, ಅದರೊಳಗಿನ ಬೂಟನ್ನು ತೋರಿಸುತ್ತಾನೆ. ಕೆಮ್ಮರಿಖ್ ಎಂಬ ಹುಡುಗನ ಕಾಲು ಕತ್ತರಿಸಿದ್ದಾರೆ, ಅವನಿಗಿನ್ನೂ ಗೊತ್ತಿಲ್ಲ. ನೋಡಲು ಬಂದ ಗೆಳೆಯ ಮ್ಯುಲ್ಲರನ ಕಣ್ಣು ಮಂಚದಡಿಯ ಒಳ್ಳೆಯ ಬೂಟಿನ ಮೇಲೆ. ಬೂಟು ಮ್ಯುಲ್ಲರನಿಗೆ ಬರುತ್ತದೆ. ಮ್ಯುಲ್ಲರ್ ಸತ್ತ ಮೇಲೆ ಕಥೆ ಹೇಳುವ ಪೌಲನಿಗೆ. ಕಥೆಯಲ್ಲಿ ಮೇಲಕ್ಕೆ ಹೋಗುವುದು ಏನೂ ಇಲ್ಲ, ಕಾಲಿಂದ ಕಾಲಿಗೆ ದಾಟುವುದು ಮಾತ್ರ. ಮ್ಯುಲ್ಲರ್ ಕೆಟ್ಟವನಲ್ಲ ಅಂತ ಪೌಲ್ ನಮಗೆ ಬಿಡಿಸಿ ಹೇಳುತ್ತಾನೆ. ಬೂಟು ಕೆಮ್ಮರಿಖನಿಗೆ ಉಪಯೋಗ ಬೀಳುವುದಿದ್ದರೆ ಅವನಿಗಾಗಿ ಮುಳ್ಳುತಂತಿಯ ಮೇಲೆ ಬರಿಗಾಲಲ್ಲಿ ನಡೆದುಹೋಗುವವನೇ ಈ ಮ್ಯುಲ್ಲರ್. ಈಗ ಉಪಯೋಗ ಇಲ್ಲ, ಅಷ್ಟೇ.

ಈಗ ಆಟಕ್ಕೆ ಬರ್ತೇನೆ. ಈ ಮೂರೂ ತಾಲೂಕಿನಲ್ಲಿ ಯುದ್ಧಕ್ಕೆ ಹೋಗುವ ಹುಡುಗ ಅಂದರೆ ಮೊದಲು ಕಣ್ಣೆದುರು ಬರುವುದು ಅಭಿಮನ್ಯು. ಆಮೇಲೆ ಬಬ್ರುವಾಹನ, ಸುಧನ್ವ, ಲವಕುಶರು. ಚಂಡೆ ಏರಿ, ಭಾಗವತರ ಪದ್ಯ ಏರಿ, ಹುಡುಗ ಮಂಡಿ ಹಾಕಿ ರಂಗಸ್ಥಳ ಸುತ್ತುವಾಗ ಬರುವ ಸಿಳ್ಳೆ ಬೇರೆ ಯಾವ ವೇಷಕ್ಕೂ ಬರುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ. ಆ ಕುಣಿತ ನೋಡಿ ಮೈ ಜುಮ್ಮೆನ್ನದವನು ಈ ಸೀಮೆಯವನೇ ಅಲ್ಲ.

ಆದರೆ ಕಥೆಯನ್ನು ಒಮ್ಮೆ ತಣ್ಣಗೆ ನೋಡಿ. ದ್ರೋಣ ಚಕ್ರವ್ಯೂಹ ಹೂಡಿದ್ದಾನೆ. ಅರ್ಜುನನನ್ನು ಸಂಶಪ್ತಕರು ಬೇರೆ ಕಡೆ ಎಳೆದುಕೊಂಡು ಹೋಗಿದ್ದಾರೆ. ಉಳಿದವರಲ್ಲಿ ವ್ಯೂಹ ಒಡೆಯಲು ಗೊತ್ತಿರುವುದು ಒಬ್ಬ ಹುಡುಗನಿಗೆ. ಒಳಗೆ ಹೋಗಲಿಕ್ಕೆ ಗೊತ್ತು, ಹೊರಗೆ ಬರಲಿಕ್ಕೆ ಗೊತ್ತಿಲ್ಲ. ಅದನ್ನು ಅವ ಬಾಯಿಬಿಟ್ಟು ಹೇಳುತ್ತಾನೆ. ಧರ್ಮರಾಯ ಕೇಳಿಸಿಕೊಳ್ಳುತ್ತಾನೆ. ಕೇಳಿಸಿಕೊಂಡೂ ನೀನು ದಾರಿ ಮಾಡು, ನಾವು ಬೆನ್ನ ಹಿಂದೆಯೇ ಬರುತ್ತೇವೆ ಅಂತ ಕಳಿಸುತ್ತಾನೆ. ಸೈಂಧವ ಬಾಗಿಲಲ್ಲೇ ಹಿಂದಿನವರನ್ನು ತಡೆಯುತ್ತಾನೆ. ಹುಡುಗ ಒಳಗೆ ಒಬ್ಬನೇ.

ರೆಮಾರ್ಕನಲ್ಲಿ ಧರ್ಮರಾಯನ ಜಾಗದಲ್ಲಿ ಇರುವವನು ಕಾಂಟೊರೆಕ್ ಎಂಬ ಮಾಸ್ತರು. ದಿನಾ ತರಗತಿಯಲ್ಲಿ ದೇಶ, ಕರ್ತವ್ಯ ಅಂತ ಭಾಷಣ ಮಾಡಿ, ಕಡೆಗೆ ಇಡೀ ತರಗತಿಯನ್ನು ಸಾಲಾಗಿ ಕರೆದುಕೊಂಡು ಹೋಗಿ ಸೇನೆಗೆ ಹೆಸರು ಬರೆಸುತ್ತಾನೆ. ಬೇಮ್ ಎಂಬ ಒಬ್ಬ ದಪ್ಪ ಹುಡುಗನಿಗೆ ಮನಸ್ಸಿರಲಿಲ್ಲ. ಹೇಡಿ ಅಂತಾರೆ ಎಂಬ ಹೆದರಿಕೆಗೆ ಹೋದ. ಮೊದಮೊದಲು ಸತ್ತವರಲ್ಲಿ ಅವನೂ ಒಬ್ಬ. ಮಾಸ್ತರಿಕೆ ನನ್ನ ಹೊಟ್ಟೆಪಾಡೂ ಹೌದಾದ್ದರಿಂದ ಕಾಂಟೊರೆಕ್ ನನಗೆ ಸ್ವಲ್ಪ ಹೆಚ್ಚೇ ಕಾಣುತ್ತಾನೆ ಅಂತ ಇಟ್ಟುಕೊಳ್ಳಿ. ಆದರೆ ಅವ ರಾಕ್ಷಸನಲ್ಲ ಎಂಬುದೇ ಅಲ್ಲಿ ಮುಖ್ಯ. ಸಣ್ಣ ಊರಿನ, ಒಳ್ಳೆಯ ಮಾತಿನ, ಮಕ್ಕಳ ಮೇಲೆ ಪ್ರೀತಿಯೇ ಇದ್ದ ಮನುಷ್ಯ. ಇಂಥವರು ಸಾವಿರಾರು ಜನ ಇದ್ದರು, ಎಲ್ಲರೂ ತಾವು ಮಾಡುತ್ತಿರುವುದು ಸರಿ ಅಂತಲೇ ನಂಬಿದ್ದರು ಎಂದು ಪೌಲ್ ಲೆಕ್ಕ ಹಾಕುತ್ತಾನೆ.

ನಮ್ಮ ಭಾರತ ಕಥೆಯಲ್ಲಿ ಧರ್ಮರಾಯ ಅಳುವುದಿಲ್ಲವೆ? ಅಳುತ್ತಾನೆ, ಬಹಳ ಅಳುತ್ತಾನೆ. ವ್ಯಾಸರು ಬಂದು ಸಾವು ಹೇಗೆ ಹುಟ್ಟಿತು ಅಂತ ಕಥೆ ಹೇಳಿ ಸಮಾಧಾನ ಮಾಡಬೇಕಾಗುತ್ತದೆ. ಸಂಜೆ ಹಿಂದೆ ಬಂದ ಅರ್ಜುನ ಅಣ್ಣತಮ್ಮಂದಿರನ್ನು ಒಂದು ಗಳಿಗೆ ಕಟುವಾಗಿಯೇ ಕೇಳುತ್ತಾನೆ. ಆಯುಧಗಳೆಲ್ಲ ನಿಮಗೆ ಅಲಂಕಾರಕ್ಕೆ ಇದ್ದವಾ ಎಂಬ ಅರ್ಥದಲ್ಲಿ. ಆ ಗಳಿಗೆ ನನಗೆ ಇಡೀ ದ್ರೋಣಪರ್ವದಲ್ಲೇ ದೊಡ್ಡದು. ಉತ್ತರ ಬರುವಷ್ಟರಲ್ಲಿ ಆ ಸಿಟ್ಟು ತಿರುಗಿ ಸೈಂಧವನ ಮೇಲೆ ಹೋಗುತ್ತದೆ. ನಾಳೆ ಸೂರ್ಯ ಮುಳುಗುವುದರೊಳಗೆ ಅವನನ್ನು ಕೊಲ್ಲುತ್ತೇನೆ ಎಂಬ ಶಪಥ. ಅಲ್ಲಿಂದ ಮುಂದೆ ಕಥೆ ‘ಸೈಂಧವ ವಧೆ’ಯ ಕಡೆ ಓಡುತ್ತದೆ. ಸೂರ್ಯ ಮುಳುಗಿದನೋ ಇಲ್ಲವೋ ಎಂಬ ಕುತೂಹಲದಲ್ಲಿ, ಯಾರು ಕಳಿಸಿದ್ದು ಎಂಬ ಪ್ರಶ್ನೆ ಬಿದ್ದುಹೋಗುತ್ತದೆ. ಬಾಗಿಲು ತಡೆದವನಿಗೆ ಶಿಕ್ಷೆ ಆಯ್ತು, ಬಾಗಿಲ ತನಕ ಕಳಿಸಿದವನಿಗೆ ಪಟ್ಟಾಭಿಷೇಕ ಆಯ್ತು.

ರೆಮಾರ್ಕನ ಹುಡುಗರಿಗೆ ಸೈಂಧವ ಸಿಗುವುದಿಲ್ಲ. ಯಾರ ಮೇಲೆ ಶಪಥ ಮಾಡುವುದು? ಯುದ್ಧ ಯಾರಿಂದ ಶುರುವಾಯ್ತು ಅಂತ ಅವರು ಒಂದು ಕಡೆ ಚರ್ಚೆ ಮಾಡುತ್ತಾರೆ. ಒಂದು ದೇಶ ಇನ್ನೊಂದಕ್ಕೆ ಅವಮಾನ ಮಾಡಿದರೆ ಯುದ್ಧ ಆಗುತ್ತದೆ ಅಂತ ಒಬ್ಬ ಹೇಳಿದರೆ ಟ್ಯಾಡೆನ್‌ಗೆ ತಲೆಬುಡ ಅರ್ಥವಾಗುವುದಿಲ್ಲ. ಜರ್ಮನಿಯ ಗುಡ್ಡ ಹೋಗಿ ಫ್ರಾನ್ಸಿನ ಗುಡ್ಡಕ್ಕೆ ಬೈಯುತ್ತದೋ ಅಂತ ಕೇಳುತ್ತಾನೆ. ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ. ಹುಡುಗರು ಮಾತು ಬದಲಿಸುತ್ತಾರೆ.

ಇನ್ನೊಂದು ಮಾತು, ಇದನ್ನು ಬಿಟ್ಟು ಮುಂದೆ ಹೋಗಲಾರೆ. ಚಕ್ರವ್ಯೂಹದೊಳಗೆ ಅಭಿಮನ್ಯು ಕೊಂದವರಲ್ಲಿ ಲಕ್ಷ್ಮಣಕುಮಾರ ಒಬ್ಬ. ದುರ್ಯೋಧನನ ಮಗ, ಇವನ ವಾರಿಗೆಯವನೇ. ಸಂಬಂಧದಲ್ಲಿ ಅಣ್ಣತಮ್ಮಂದಿರು. ಒಂದು ಮನೆತನದ ಇಬ್ಬರು ಹುಡುಗರು, ದೊಡ್ಡವರು ಮಾಡಿದ ಜಗಳದಲ್ಲಿ, ಒಬ್ಬನನ್ನೊಬ್ಬ ಕೊಲ್ಲುವ ಸ್ಥಿತಿ. ನಾನು ನೋಡಿದ ಆಟಗಳಲ್ಲಿ ಲಕ್ಷ್ಮಣನಿಗೆ ಸಿಕ್ಕಿದ್ದು ಒಂದೆರಡು ಪದ್ಯ, ಒಂದು ಸುತ್ತು ಕುಣಿತ. ಅಷ್ಟರಲ್ಲಿ ಬಿದ್ದ, ಚೌಕಿಗೆ ಹೋದ. ಎದ್ದುಹೋಗಿ ಚಾ ಕುಡಿದು ಬರುವ ಹೊತ್ತು ಅದು. ರೆಮಾರ್ಕನಲ್ಲಿ ಹಾಗೆ ಚೌಕಿಗೆ ಕಳಿಸಲಿಕ್ಕಾಗದ ಒಬ್ಬ ಇದ್ದಾನೆ. ಸಿಡಿತಲೆ ಬಿದ್ದ ಹೊಂಡದಲ್ಲಿ ಪೌಲ್ ಅಡಗಿದ್ದಾಗ ಮೈಮೇಲೆ ಬಿದ್ದ ಫ್ರೆಂಚ್ ಸೈನಿಕನನ್ನು ಚೂರಿಯಿಂದ ತಿವಿಯುತ್ತಾನೆ. ಆತ ಕೂಡಲೇ ಸಾಯುವುದಿಲ್ಲ. ಹೊರಗೆ ಗುಂಡು, ಹೊಂಡ ಬಿಟ್ಟು ಹೋಗುವ ಹಾಗಿಲ್ಲ. ಗಂಟೆಗಟ್ಟಲೆ ಆ ಉಸಿರು ಕೇಳುತ್ತಾ ಕೂರಬೇಕು. ಆಮೇಲೆ ಜೇಬಿನಲ್ಲಿ ಕಾಗದ ಸಿಗುತ್ತದೆ. ಜೆರಾರ್ ದ್ಯುವಾಲ್, ಅಚ್ಚುಮೊಳೆ ಜೋಡಿಸುವವ, ಹೆಂಡತಿ, ಸಣ್ಣ ಮಗಳು.

ಈ ಭಾಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಇದರ ಅರ್ಧ ಹಿಡಿಸುವುದಿಲ್ಲ. ಉಸಿರಿನ ಸದ್ದಿನ ತನಕ ಸರಿ. ಆಮೇಲೆ ಪೌಲ್ ಸತ್ತವನ ಹತ್ತಿರ ಮಾಡುವ ಭಾಷಣ ಲೇಖಕನದ್ದೇ, ಹುಡುಗನದ್ದಲ್ಲ. ನಮ್ಮ ತಾಳಮದ್ದಲೆಯಲ್ಲಿ ಕೆಲವು ಅರ್ಥಧಾರಿಗಳು ಪಾತ್ರದ ಬಾಯಲ್ಲಿ ತಮ್ಮ ಭಾಷಣ ತುರುಕುತ್ತಾರಲ್ಲ, ಹಾಗೆ. ಆದರೆ ಅದರ ಮರುದಿನದ ಪುಟಕ್ಕೆ ನೂರು ಮಾರ್ಕು ಕೊಡುವೆ. ದ್ಯುವಾಲನ ಹೆಂಡತಿಗೆ ಪತ್ರ ಬರೆಯುತ್ತೇನೆ, ನಿನಗಾಗಿ ಬದುಕುತ್ತೇನೆ ಅಂದವನು ತನ್ನವರ ನಡುವೆ ಬಂದ ಕೂಡಲೇ ಅದೆಲ್ಲ ಮಸುಕಾಗುತ್ತದೆ. ಪಕ್ಕದಲ್ಲಿ ಒಬ್ಬ ದುರ್ಬೀನು ಬಂದೂಕಿನಿಂದ ಎಷ್ಟು ಜನ ಬಿದ್ದರು ಅಂತ ಎಣಿಸುತ್ತಿದ್ದಾನೆ. ಯುದ್ಧ ಅಂದರೆ ಯುದ್ಧ ಅಂತ ಹೇಳಿ ಅಧ್ಯಾಯ ಮುಗಿಯುತ್ತದೆ.

ಕನ್ನಡದವರು ಇದನ್ನೆಲ್ಲ ಯೋಚಿಸಲೇ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ರೆಮಾರ್ಕನ ಪುಸ್ತಕ ಬಂದ ಎರಡೇ ವರ್ಷಕ್ಕೆ, 1931ರಲ್ಲಿ, ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಬರೆದರು. ಒಂದಕ್ಕೊಂದು ಸಂಬಂಧ ಇದೆ ಅಂತ ಅಲ್ಲ, ಕಾಲ ನೋಡಿ ಅಂದೆ. ಅಲ್ಲಿ ಗೆದ್ದ ರಾಜರಿಗಿಂತ ಕತ್ತಲಲ್ಲಿ ತನ್ನವರನ್ನು ಹುಡುಕುವ ಮುದುಕಿಯೇ ಮನಸ್ಸಿನಲ್ಲಿ ಉಳಿಯುತ್ತಾಳೆ. 1979ರ ‘ಪರ್ವ’ದಲ್ಲಿ ಭೈರಪ್ಪನವರು ವರ, ಶಾಪ, ಅಪ್ಸರೆಯರನ್ನೆಲ್ಲ ತೆಗೆದುಹಾಕಿ, ಅಷ್ಟು ಸೈನ್ಯಕ್ಕೆ ಅಕ್ಕಿ ಎಲ್ಲಿಂದ ಬರಬೇಕು, ಅಷ್ಟು ಜನರ ಹೇಲು ಉಚ್ಚೆ ಎಲ್ಲಿಗೆ ಹೋಗಬೇಕು ಅಂತ ಕೇಳಿದರು. ರೆಮಾರ್ಕನಲ್ಲಿಯೂ ಹುಡುಗರು ಬಯಲಲ್ಲಿ ಪೆಟ್ಟಿಗೆಗಳ ಮೇಲೆ ಸಾಲಾಗಿ ಕೂತು, ಇಸ್ಪೀಟು ಆಡುತ್ತಾ ಎರಡಕ್ಕೆ ಹೋಗುವ ಪುಟಗಳಿವೆ. ಹೋಲಿಸಿ ಓದಿದರೆ ಚಂದ. ಆದರೆ ‘ಪರ್ವ’ದಲ್ಲಿ ನೆನಪು ಮಾಡಿಕೊಳ್ಳುವವರು ಬಹುಪಾಲು ರಾಜರು, ರಾಣಿಯರು, ಹಿರಿಯರು. ಹದಿನೆಂಟು ವರ್ಷದ ಕಾಲಾಳಿಗೆ ಇಡೀ ಪುಸ್ತಕ ಕೊಟ್ಟ ಕನ್ನಡ ಕಾದಂಬರಿ ನನ್ನ ಕಪಾಟಿನಲ್ಲಿ ಇಲ್ಲ.

ಇಲ್ಲದೆ ಇರಲಿಕ್ಕೆ ಸೈನಿಕರು ಇಲ್ಲದ ಜಿಲ್ಲೆಯೇನೂ ಅಲ್ಲ ನಮ್ಮದು. ಕಾರವಾರದ ಚೆಂಡಿಯಾದ ರಾಮ ರಾಘೋಬಾ ರಾಣೆಯವರಿಗೆ ಪರಮವೀರಚಕ್ರ ಬಂದದ್ದು 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಮಾಡಿದ ಕೆಲಸಕ್ಕೆ. ಆ ಕೆಲಸ ಎಂತದು ಅಂದರೆ ಟ್ಯಾಂಕುಗಳಿಗೆ ದಾರಿ ಬಿಡಿಸುವುದು. ಹೂತಿಟ್ಟ ನೆಲಬಾಂಬು ತೆಗೆಯುವುದು, ಅಡ್ಡ ಕೆಡವಿದ ಮರ ಸರಿಸುವುದು, ಗುಂಡು ಹಾರುತ್ತಿರುವಾಗ. ಅಭಿಮನ್ಯುವಿನ ಬಿಲ್ಲಿಗಿಂತ ರೆಮಾರ್ಕನ ಹುಡುಗರು ರಾತ್ರಿ ಮುಳ್ಳುತಂತಿ ಎಳೆಯಲು ಹೋಗುವುದಕ್ಕೇ ಹತ್ತಿರದ ಕೆಲಸ ಅದು. ಎಷ್ಟು ಜನರಿಗೆ ಗೊತ್ತು? ‘ಶೌರ್ಯ’ ಅಂತ ಒಂದು ಶಬ್ದ ಹೇಳಿ ಮುಂದಿನ ಭಾಷಣಕಾರರನ್ನು ಕರೆಯುತ್ತೇವೆ.

ಪುಸ್ತಕದ ಏಳನೇ ಅಧ್ಯಾಯ ಪೌಲನ ರಜೆಯದ್ದು. ಕಾದಂಬರಿಯಲ್ಲಿ ಅತಿ ಒಳ್ಳೆಯದು, ಅತಿ ಕಷ್ಟದ್ದು ಇದೇ ಅಂತ ನನ್ನ ಎಣಿಕೆ. ಇಲ್ಲಿ ಯಾರೂ ಗುಂಡು ಹೊಡೆಯುವುದಿಲ್ಲ. ಅಪ್ಪನಿಗೆ ಕಥೆ ಕೇಳುವ ಆಸೆ, ಮಗನನ್ನು ಕರೆದುಕೊಂಡು ಹೋಗಿ ಪರಿಚಯದವರಿಗೆ ತೋರಿಸುವ ಆಸೆ. ಬಿಯರ್ ಮೇಜಿನ ಸುತ್ತ ಕೂತ ದೊಡ್ಡವರು ಯಾವ ಯಾವ ಪ್ರದೇಶ ನಮ್ಮದಾಗಬೇಕು ಅಂತ ನಕ್ಷೆ ಹಂಚುತ್ತಾರೆ. ಪೌಲ್ ಏನೋ ಹೇಳಲು ಹೋದರೆ ನಿನಗೆ ನಿನ್ನ ಮೂಲೆ ಮಾತ್ರ ಗೊತ್ತು, ಒಟ್ಟು ಚಿತ್ರ ನಮಗೆ ಗೊತ್ತು ಅಂತಾರೆ. ಅಲ್ಲಿಂದ ಬಂದವನಿಗೇ! ತನ್ನ ಕೋಣೆಯಲ್ಲಿ ಕೂತು ಹಳೆಯ ಪುಸ್ತಕ ತೆಗೆಯುತ್ತಾನೆ, ಒಂದೂ ಮಾತಾಡುವುದಿಲ್ಲ. ತಾಯಿಗೆ ಕಾಯಿಲೆ. ಹೊರಡುವ ಹಿಂದಿನ ರಾತ್ರಿ ಅವಳು ಮಗ ಮಲಗಿದ್ದಾನೆ ಅಂದುಕೊಂಡು ಬಂದು ಮಂಚದ ಪಕ್ಕ ಕೂರುತ್ತಾಳೆ. ಅವ ನಿದ್ದೆ ಬಂದವನ ಹಾಗೆ ಮಾಡುತ್ತಾನೆ. ಆಮೇಲೆ ಮಾತು ಬಂದಾಗ ಅವಳು ಹೇಳುವುದು ಉಣ್ಣೆಯ ಒಳಚಡ್ಡಿ ಇಟ್ಟಿದ್ದೇನೆ ಅಂತ, ಫ್ರಾನ್ಸಿನ ಹೆಂಗಸರ ಬಗ್ಗೆ ಜಾಗ್ರತೆ ಅಂತ. ಅಭಿಮನ್ಯುವಿನ ಆಟದಲ್ಲಿ ಸುಭದ್ರೆ ಮಗನನ್ನು ತಡೆಯುವ ಸಂದರ್ಭ ಇದೆ. ಒಳ್ಳೆಯ ಕಲಾವಿದರು ಸಿಕ್ಕಿದರೆ ಕಣ್ಣೀರು ಬರುತ್ತದೆ. ಆದರೆ ಸುಭದ್ರೆಗೆ ಒಳಚಡ್ಡಿ ಬಗ್ಗೆ ಮಾತಾಡುವ ಸ್ವಾತಂತ್ರ್ಯ ಇಲ್ಲ. ಕಾದಂಬರಿ ಎಂಬ ಪ್ರಕಾರ ಬೇಕಾದದ್ದು ಇಂಥದ್ದಕ್ಕೇ.

ಈ ಅಧ್ಯಾಯದ ಬಗ್ಗೆ ನನಗಿಂತ ಅಧಿಕಾರದಿಂದ ಮಾತಾಡುವ ಒಬ್ಬ ಓದುಗ ನನಗೆ ಸಿಕ್ಕಿದ. ನನ್ನ ಹಳೆಯ ವಿದ್ಯಾರ್ಥಿ, ಯಲ್ಲಾಪುರ ಕಡೆಯ ಹಳ್ಳಿಯವ, ಪಿಯುಸಿ ಮುಗಿಸಿ ಸೇನೆಗೆ ಸೇರಿದವ. ಒಂದು ರಜೆಯಲ್ಲಿ ಪುಸ್ತಕ ತಗೊಂಡು ಹೋಗಿ ಮುಂದಿನ ರಜೆಯಲ್ಲಿ ತಂದುಕೊಟ್ಟ. ಇಂಗ್ಲಿಷು, ನಿಧಾನಕ್ಕೆ ಓದಿದ್ದಾನೆ. ಹೇಗಿತ್ತು ತಮಾ ಅಂತ ಕೇಳಿದೆ.

‘ಊಟದ್ದು ಮತ್ತೆ ರಜೆದ್ದು, ಇವೆರಡು ಖರೆ ಸರ್. ಊರಿಗೆ ಬಂದ್ರೆ ಎಲ್ರೂ ಕೇಳೋದು ಎರಡೇ. ಅಲ್ಲಿ ಚಳಿ ಎಷ್ಟಿರ್ತದೆ? ಕ್ಯಾಂಟೀನಿಂದ ಎಂತ ತಂದ್ಯಾ? ಚಳಿ ಇರ್ತದೆ ಅಂತೇನೆ. ರಮ್ ಬಾಟ್ಲಿ ಕೊಡ್ತೇನೆ. ಮುಗೀತು.’

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಆದ್ರೆ ಸರ್, ಬರೆದವ್ರು ನಮ್ಮನ್ನ ಭಾಳ ಪಾಪ ಮಾಡ್ಯಾರೆ. ನನ್ನ ಯಾವ ಮಾಸ್ತರೂ ಕಳಿಸ್ಲಿಲ್ಲ. ಮನೇಲಿ ಮೂರು ಜನ ಗಂಡುಮಕ್ಕಳು, ಜಾಗ ಅರ್ಧ ಎಕರೆ ಇಲ್ಲ. ಪಗಾರ ಬರ್ತದೆ, ತಂಗಿ ಮದುವೆ ಆಯ್ತು. ನಾನೇ ಹೋದೆ.’

ಈ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಅವನ ಆಕ್ಷೇಪ ಗಟ್ಟಿಯಾದದ್ದು. ಪೌಲ್ ಮತ್ತವನ ಗೆಳೆಯರು ಹೈಸ್ಕೂಲು ಓದಿದ, ಪದ್ಯ ಬರೆಯುವ ಹುಡುಗರು. ಅವರಿಗೆ ಮೋಸವಾಯ್ತು ಅನ್ನಿಸಲಿಕ್ಕೆ ಮೊದಲು ಒಂದು ನಂಬಿಕೆ ಇತ್ತು. ಹೊಟ್ಟೆಪಾಡಿಗೆ ಹೋದವನಿಗೆ ಆ ನಂಬಿಕೆಯ ಖರ್ಚೇ ಇಲ್ಲ. ರೆಮಾರ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ. ಚಮ್ಮಾರ ಕಾಟ್ ಇದ್ದಾನೆ, 40 ವರ್ಷದವನು, ಎಲ್ಲಿ ಹೋದರೂ ತಿನ್ನಲಿಕ್ಕೆ ಏನಾದರೂ ಹುಡುಕಿ ತರುವವ. ರೈತ ಡೆಟರಿಂಗ್ ಇದ್ದಾನೆ. ಚೆರ್ರಿ ಹೂವು ಅರಳಿದ ಒಂದು ಮರ ಕಂಡು ಮನೆ ನೆನಪಾಗಿ ಊರ ಕಡೆ ನಡೆದುಬಿಡುತ್ತಾನೆ, ಸಿಕ್ಕಿಬೀಳುತ್ತಾನೆ. ಅಡಿಕೆ ಸಿಂಗಾರ ಒಡೆಯುವ ಹೊತ್ತಿಗೆ ಊರು ಬಿಟ್ಟು ಎಲ್ಲೋ ಇರುವ ನಮ್ಮ ಹುಡುಗರಿಗೆ ಆ ಪುಟ ಕೊಡಬಾರದು, ಬಿಡಿ. ಆದರೆ ಇವರೆಲ್ಲ ಪೌಲನ ಕಣ್ಣಿಂದ ಕಂಡವರು. ಕಾಟ್ ತನ್ನ ಕಥೆ ತಾನೇ ಹೇಳಿದ್ದರೆ ಅದರಲ್ಲಿ ಕಾಂಟೊರೆಕನ ಹೆಸರೇ ಬರುತ್ತಿರಲಿಲ್ಲ.

ಹಾಗಂತ ‘ನಾನೇ ಹೋದೆ’ ಎಂಬಲ್ಲಿಗೆ ಮಾತು ಮುಗಿಯುತ್ತದಾ? ಅರ್ಧ ಎಕರೆಯೂ ಕಳಿಸುತ್ತದೆ. ಹುಡುಗರು ಶಾಂತಿ ಬಂದರೆ ಏನು ಮಾಡ್ತೀರಿ ಅಂತ ಒಬ್ಬರನ್ನೊಬ್ಬರು ಕೇಳುವ ಪ್ರಸಂಗ ಕಾದಂಬರಿಯಲ್ಲಿದೆ. ರೈತನಿಗೆ ಹೊಲ ಇದೆ, ವಯಸ್ಸಾದವರಿಗೆ ಕಸುಬು, ಹೆಂಡತಿ ಇದೆ. ಶಾಲೆಯಿಂದ ನೇರ ಬಂದವರಿಗೆ ಕೊಲ್ಲುವುದು, ಅಡಗುವುದು ಬಿಟ್ಟು ಬೇರೆ ಯಾವುದೂ ಕಲಿಯಲು ಹೊತ್ತೇ ಸಿಗಲಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ಪುಟಗಳನ್ನು ನಾನು ಮತ್ತೆ ತೆಗೆದು ನೋಡಿದೆ. ಯೋಜನೆ ಘೋಷಿಸಿದಾಗಿನ ನಿಯಮದಲ್ಲಿ ಹದಿನೇಳೂವರೆಯಿಂದ ಇಪ್ಪತ್ತೊಂದರೊಳಗೆ ಸೇರಬೇಕಿತ್ತು, ನಾಲ್ಕು ವರ್ಷದ ಸೇವೆ, ಮುಂದೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು. ಯುದ್ಧಕಾಲದ ಖಂದಕಕ್ಕೂ ಇದಕ್ಕೂ ಹೋಲಿಕೆ ಇಲ್ಲ, ನಿಜ. ಉಳಿದ ಮೂವರಿಗೆ ಕೈಗೊಂದಿಷ್ಟು ದುಡ್ಡೂ ಬರುತ್ತದೆ. ಆದರೆ ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಊರಿಗೆ ಬಂದ ಹುಡುಗನನ್ನು ಚಾದಂಗಡಿಯಲ್ಲಿ ‘ಮುಂದೆಂತ ಮಾಡ್ತ್ಯೋ?’ ಅಂತ ಕೇಳುವ ಧ್ವನಿ ಇದೆಯಲ್ಲ, ಅದು ರೆಮಾರ್ಕನ ಏಳನೇ ಅಧ್ಯಾಯದ್ದೇ ಧ್ವನಿ.

ಕಳಿಸುವವರು, ಹೋಗುವವರು ಬೇರೆಯಾಗಿರಲೇಬೇಕು ಅಂತೇನೂ ಇಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ತೆರಿಗೆ ಕೊಡುವುದಿಲ್ಲ ಅಂತ ನಿಂತಾಗ ಹೋದದ್ದು ಅವರವರದ್ದೇ ತೋಟ, ಗದ್ದೆ, ಪಾತ್ರೆ. ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿಯಾದ ಆಸ್ತಿ ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತರು. ಬೇರೆಯವರ ಮಕ್ಕಳನ್ನು ಕೂರಿಸಲಿಲ್ಲ. ಅದಕ್ಕೂ ಒಂದು ಕಾದಂಬರಿ ಆಗಬೇಕು, ಆದರೆ ಅದು ಇನ್ನೊಂದು ದಿನದ ಮಾತು.

ರೆಮಾರ್ಕನ ಪುಸ್ತಕದಲ್ಲಿ ನನಗೆ ಕೊರತೆ ಅನ್ನಿಸಿದ್ದು ಸೇಡಿನ ಭಾಗಗಳು. ತರಬೇತಿಯಲ್ಲಿ ಗೋಳು ಹೊಯ್ದುಕೊಂಡ ಹಿಮ್ಮೆಲ್‌ಸ್ಟೋಸ್ (ಮೊದಲು ಅಂಚೆಯವನು!) ಕತ್ತಲಲ್ಲಿ ಪೆಟ್ಟು ತಿನ್ನುತ್ತಾನೆ. ಕಾಂಟೊರೆಕನನ್ನೂ ಕಡೆಗೆ ಸೇನೆಗೆ ಸೇರಿಸಿಕೊಂಡು, ಅವನ ಶಿಷ್ಯನೇ ಅವನಿಗೆ ಕವಾಯತು ಮಾಡಿಸುತ್ತಾನೆ. ಓದುವಾಗ ನಗು ಬರುತ್ತದೆ, ಖುಷಿಯಾಗುತ್ತದೆ. ಆ ಖುಷಿಯೇ ತೊಂದರೆ. ಇಲ್ಲೂ ಒಬ್ಬ ಸಣ್ಣ ಸೈಂಧವ ಸಿಕ್ಕಿಬಿಟ್ಟ ಹಾಗೆ. ಮಾಸ್ತರು, ಅಂಚೆಯವ ಇವರಿಬ್ಬರಿಗೆ ಶಾಸ್ತಿ ಆದರೆ ನಕ್ಷೆ ಹಂಚಿದವರು ಬಿಯರ್ ಮೇಜಿನಲ್ಲೇ ಉಳಿದರಲ್ಲ.

2022ರಲ್ಲಿ ಬಂದ ಜರ್ಮನ್ ಸಿನೆಮಾ ಈ ನಕ್ಷೆ ಹಂಚುವವರನ್ನು ತೋರಿಸುತ್ತದೆ, ಅಷ್ಟರಮಟ್ಟಿಗೆ ಭೇಷ್. ಕದನವಿರಾಮದ ಮಾತುಕತೆಯ ರೈಲು ಡಬ್ಬಿ, ಒಳ್ಳೆಯ ಊಟ ಮಾಡುವ ಸೇನಾಪತಿ ಎಲ್ಲ ಇದ್ದಾರೆ. ನಾಲ್ಕು ಆಸ್ಕರ್ ಬಂತು. ಆದರೆ ರಜೆಯ ಅಧ್ಯಾಯವನ್ನೇ ಕೈಬಿಟ್ಟರು. ತಾಯಿ ಇಲ್ಲ, ಒಳಚಡ್ಡಿ ಇಲ್ಲ, ಹಳೆಯ ಪುಸ್ತಕದ ಕಪಾಟಿಲ್ಲ. ಪೌಲನ ಸಾವನ್ನು 1918ರ ನವೆಂಬರ್ 11ಕ್ಕೆ, ಗುಂಡು ನಿಲ್ಲುವ ಹನ್ನೊಂದು ಗಂಟೆಗೆ ಸ್ವಲ್ಪವೇ ಮೊದಲು ತಂದಿಟ್ಟರು. ನೋಡುವವನ ಎದೆ ಡವಗುಟ್ಟುತ್ತದೆ. ಅಪ್ಸರೆಯರ ಅಂಕಣ ಹಿಂದಿನ ಬಾಗಿಲಿನಿಂದ ವಾಪಸು ಬಂದ ಹಾಗೆ ನನಗೆ ಕಂಡಿತು.

ಪುಸ್ತಕದಲ್ಲಿ ಅವ ಸಾಯುವುದು ಅಕ್ಟೋಬರಿನಲ್ಲಿ, ಯಾವ ವಿಶೇಷವೂ ಇಲ್ಲದ ದಿನ. ಸೇನೆಯ ಆ ದಿನದ ವರದಿಯಲ್ಲಿ ಬರೆಯಲಿಕ್ಕೆ ಸುದ್ದಿಯೇ ಇರಲಿಲ್ಲ. ಅಲ್ಲಿಯ ತನಕ ‘ನಾನು’ ಅಂತ ಹೇಳುತ್ತಾ ಬಂದ ಕಥೆ ಕೊನೆಯ ಒಂದೆರಡು ಸಣ್ಣ ಪ್ಯಾರಾದಲ್ಲಿ ಮಾತ್ರ ಬೇರೆ ಯಾರದ್ದೋ ಬಾಯಿಗೆ ಹೋಗುತ್ತದೆ. ಇದನ್ನು ಕನ್ನಡಕ್ಕೆ ತರುವವರಿಗೆ ಅಲ್ಲೊಂದು ಪೇಚು ಇದೆ. ನಮ್ಮ ಪೇಪರುಗಳಲ್ಲಿ ಸತ್ತ ಸೈನಿಕ ಎಷ್ಟೇ ಸಣ್ಣ ಪ್ರಾಯದವನಾದರೂ ಕೂಡಲೇ ‘ಅವರು’ ಆಗುತ್ತಾನೆ, ‘ಹುತಾತ್ಮರಾದರು’ ಅಂತ ಬಹುವಚನ ಸಿಗುತ್ತದೆ. ಜರ್ಮನ್ನಿನಲ್ಲಿ ಆ ತೊಡಕಿಲ್ಲ. ನನ್ನ ಕೇಳಿದರೆ ಕೊನೆಯ ಪುಟದಲ್ಲಿ ‘ಅವನು’ ಅಂತಲೇ ಇರಬೇಕು, ಸಾಧ್ಯವಾದರೆ ನಮ್ಮ ಕಡೆಯ ‘ಅಂವ’. ಮನೆಯಲ್ಲಿ ಆ ಪ್ರಾಯದ ಹುಡುಗ ಊಟಕ್ಕೆ ಬಂದನೋ ಇಲ್ಲವೋ ಅಂತ ಕೇಳುವಾಗ ನಾವು ಹಾಗೇ ಅಲ್ವಾ ಹೇಳುವುದು.